ಜಗಲಿಯ ಮಾತು: ಕಡೆಯ ಸೀಸೆ

ಈ ತಿಂಗಳ ಮಾತನ್ನು ನನ್ನ ಕೋಪದ ಕಥೆಯಿಂದಲೇ ಪ್ರಾರಂಭಿಸಬೇಕಾಗಿದೆ. ಕಳೆದ ಕಾರ್ತಿಕಮಾಸದಲ್ಲಿ ಹದಿನೈದು ಇಪ್ಪತ್ತು ದಿನಗಳ ಕಾಲ ನಾನು ಮನೆಯವರೆಲ್ಲರ ಮೇಲೂ ಹರಿಹಾಯುತ್ತಿದ್ದೆನು. ಕಾಫಿ ಆರಿತೆಂದು ಬೆಳಗ್ಗೆ ರೇಗುವುದು, ನಾಲಗೆ ಸುಟ್ಟಿತೆಂದು ಸಂಜೆ ರೇಗುವುದು. ವೃತ್ತಪತ್ರಿಕೆಯನ್ನು ಮಡಿಸಿಟ್ಟ ರೀತಿ ಸರಿಯಿಲ್ಲವೆಂದು ಮಗನೊಡನೆ ವಾದಕ್ಕೆ ನಿಲ್ಲುವುದು. ಒಂದು ಸಂಜೆ ಏಳು ವರುಷದ ಮೊಮ್ಮಗಳು ನನ್ನ ಮೇಜಿನ ಮೇಲಿದ್ದ ಹಳೆಯ ಅಮರಕೋಶವನ್ನು ಬಿಡಿಸಿ, ಅದರ ಹಾಳೆಗಳ ಅಂಚಿನಲ್ಲಿದ್ದ ಬರಹವನ್ನು ಬೆರಳಿಟ್ಟು ನೋಡುತ್ತಿದ್ದಳು. ನಾನು ಗದರಿದ ಗದರಿಕೆಗೆ ಪುಸ್ತಕವು ಅವಳ ಕೈಯಿಂದ ಬಿದ್ದಿತು. ಮಗುವು ಅಜ್ಜಿಯ ಸೆರಗಿನ ಮರೆಗೆ ಓಡಿತು. ಮೂವತ್ತೈದು ವರುಷ ಮಕ್ಕಳ ನಡುವೆಯೇ ಬಾಳಿ, ಬೆತ್ತವನ್ನು ಹಿಡಿಯದ ಮೇಷ್ಟರೆಂದು ಹೆಸರು ಪಡೆದಿದ್ದವನ ನಡತೆ ಇದು.

ಮನೆಯಲ್ಲಿ ಗುಸುಗುಸು ಪ್ರಾರಂಭವಾಯಿತು. ರಕ್ತದ ಒತ್ತಡವಿರಬಹುದೆಂದು ನನ್ನ ಮನೆಯವರು ಹೇಳಿದರು; ಸಕ್ಕರೆಯ ಕಾಯಿಲೆಯನ್ನೂ ಪರೀಕ್ಷಿಸಿ ನೋಡಬೇಕೆಂದು ಸೊಸೆ ಸೂಚಿಸಿದಳು. ಕಾರಣವು ನನಗೆ ಗೊತ್ತಿದ್ದಿತು. ಆದರೆ ನಾನು ಯಾರಿಗೂ ಹೇಳಿರಲಿಲ್ಲ. ಮಗನು ಮಾತ್ರ ಏನನ್ನೋ ಊಹಿಸಿದ್ದನೆಂದು ಕಾಣುತ್ತದೆ. ಒಂದು ಭಾನುವಾರ ಊಟವಾದ ಮೇಲೆ ತನ್ನ ಕಂಪ್ಯೂಟರನ್ನು ನನ್ನ ಮುಂದಿಟ್ಟು, "ಅಪ್ಪ, ಅರ್ಧ ಗಂಟೆ ಇದನ್ನು ನೋಡಿ. ಚೆನ್ನಾಗಿಲ್ಲದಿದ್ದರೆ ಆಮೇಲೆ ನನ್ನನ್ನು ಬೈಯಬಹುದು" ಎಂದನು. ಅವನೂ ಅವನ ಸ್ನೇಹಿತರೂ ಒಂದೆಡೆ ಸೇರಿದಾಗಲೆಲ್ಲ, ನಾವು ಹಿಂದೆ ತಾಳಮದ್ದಲೆಯ ಅರ್ಥಧಾರಿಗಳ ವಿಷಯವಾಗಿ ವಾದಿಸುತ್ತಿದ್ದಂತೆ, ಹಳೆಯದೊಂದು ಅಮೆರಿಕದ ಟೆಲಿವಿಷನ್ ನಾಟಕದ ಪಾತ್ರಗಳ ವಿಷಯವಾಗಿ ಗಂಟೆಗಟ್ಟಲೆ ಮಾತನಾಡುವುದುಂಟು. ಆ ನಾಟಕವೇ ಇದು. ಅದರ ಹೆಸರು 'ಮ್ಯಾಷ್'. ಆ ಅರ್ಧ ಗಂಟೆಯು ನನಗೆ ಮಾಡಿದ ಉಪಕಾರವನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ನಾಟಕದ ಪರಿಚಯವನ್ನು ಮಾಡಿಕೊಡುವೆನು. 1950ನೆಯ ಇಸವಿ ಜೂನ್ 25ರಲ್ಲಿ ಪ್ರಾರಂಭವಾಗಿ 1953ರ ಜುಲೈ 27ರಲ್ಲಿ ನಿಂತ ಕೊರಿಯದ ಯುದ್ಧದಲ್ಲಿ, ಅಮೆರಿಕದ ಸೈನ್ಯವು ರಣರಂಗಕ್ಕೆ ಸಮೀಪದಲ್ಲಿಯೇ ಡೇರೆಗಳನ್ನು ಹಾಕಿ ಸಂಚಾರಿ ಶಸ್ತ್ರಚಿಕಿತ್ಸಾಲಯಗಳನ್ನು ನಡೆಸುತ್ತಿದ್ದಿತು. ಅವುಗಳ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳನ್ನು ಕೂಡಿಸಿದರೆ 'ಮ್ಯಾಷ್' ಎಂದಾಗುತ್ತದೆ. ಅಂತಹ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ವೈದ್ಯನೊಬ್ಬನು ರಿಚರ್ಡ್ ಹೂಕರ್ ಎಂಬ ಕಾವ್ಯನಾಮದಿಂದ 1968ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದನು. 1970ರಲ್ಲಿ ಅದು ಚಲನಚಿತ್ರವಾಯಿತು. 1972ರ ಸೆಪ್ಟೆಂಬರಿನಿಂದ 1983ರ ಫೆಬ್ರವರಿಯವರೆಗೆ ಸಿ.ಬಿ.ಎಸ್. ಸಂಸ್ಥೆಯು ಅದನ್ನು ಟೆಲಿವಿಷನ್ ನಾಟಕಮಾಲೆಯಾಗಿ ತೋರಿಸಿತು. ಮೂರು ವರುಷದ ಯುದ್ಧದ ಕಥೆಯು ಹನ್ನೊಂದು ವರುಷ ನಡೆಯಿತೆಂದರೆ, ಜನರಿಗೆ ಅದರಲ್ಲಿ ಯುದ್ಧಕ್ಕಿಂತ ಬೇರೆ ಏನೋ ಒಂದು ಬೇಕಾಗಿದ್ದಿತೆಂದು ತಿಳಿಯಬೇಕಷ್ಟೆ.

ಕೊರಿಯವೆಂದರೆ ಎಲ್ಲಿಯದೋ ದೂರದ ಸಮಾಚಾರವೆಂದು ನಾವು ಭಾವಿಸಬೇಕಾಗಿಲ್ಲ. ನಮ್ಮ ದೇಶವು ಆ ಯುದ್ಧಕ್ಕೆ ಕಾದಾಡುವ ದಳವನ್ನು ಕಳುಹಿಸಲಿಲ್ಲ. ಗಾಯಗೊಂಡವರನ್ನು ನೋಡಿಕೊಳ್ಳಲು 60ನೆಯ ಪ್ಯಾರಾಷೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯದಳವನ್ನು ಕಳುಹಿಸಿತು. ಕದನವು ನಿಂತ ಮೇಲೆ ಸೆರೆಯಾಳುಗಳ ಇಷ್ಟಾನಿಷ್ಟಗಳನ್ನು ವಿಚಾರಿಸಿ ಅವರನ್ನು ಅವರವರ ನೆಲೆಗೆ ಸೇರಿಸುವ ತಟಸ್ಥರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು. ಆದುದರಿಂದ ಕೊರಿಯದ ಡೇರೆಯಾಸ್ಪತ್ರೆಯ ಕಥೆಯನ್ನು ನಮ್ಮ ಜಗಲಿಯಲ್ಲಿ ಕುಳಿತು ಮಾತನಾಡಿದರೆ ತಪ್ಪಿಲ್ಲ.

ನನಗೆ ಮೊದಲು ತೊಡಕಾದುದು ಮತ್ತೊಂದು ವಿಷಯ. ಇದು ಹಾಸ್ಯನಾಟಕ; ಆದರೆ ನಡೆಯುವ ಸ್ಥಳವು ಕೈಕಾಲು ಮುರಿದವರನ್ನು ತಂದು ಹಾಕುವ ಆಸ್ಪತ್ರೆ. ನಮ್ಮ ಆಲಂಕಾರಿಕರಲ್ಲಿ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ಹಾಸ್ಯರಸಕ್ಕೆ ಕರುಣವೂ ಭಯಾನಕವೂ ವಿರೋಧಿಗಳೆಂದು ಹೇಳಿದ್ದಾನೆ. ಹಾಗಿದ್ದ ಮೇಲೆ ಇವೆರಡನ್ನೂ ಒಂದೇ ಎಲೆಯಲ್ಲಿ ಬಡಿಸುವುದೆಂತು? ಈ ಪ್ರಶ್ನೆ ಅಲ್ಲಿಯವರಿಗೂ ಬಂದಿದ್ದಿತೆಂದು ಮಗನು ತಿಳಿಸಿದನು. ಆ ಕಾಲದ ಹಾಸ್ಯನಾಟಕಗಳಲ್ಲಿ ಪ್ರೇಕ್ಷಕರ ನಗೆಯ ಧ್ವನಿಯನ್ನು ಮುದ್ರಿಸಿ ಸೇರಿಸುವ ಪದ್ಧತಿಯಿದ್ದಿತು. ಸಿ.ಬಿ.ಎಸ್. ಸಂಸ್ಥೆಯವರು ಇದಕ್ಕೂ ನಗೆ ಬೇಕೆಂದು ಹಟ ಹಿಡಿದರಂತೆ. ಕಡೆಗೆ ಆದ ಒಪ್ಪಂದವೇನೆಂದರೆ, ಶಸ್ತ್ರಚಿಕಿತ್ಸೆಯ ಕೊಠಡಿಯ ದೃಶ್ಯಗಳಲ್ಲಿ ನಗೆಯ ಧ್ವನಿಯು ಕೂಡದು. ವೈದ್ಯರು ಅಲ್ಲಿಯೂ ತಮಾಷೆಯ ಮಾತನ್ನಾಡುವರು. ಕೈ ಮಾತ್ರ ಗಾಯವನ್ನು ಹೊಲಿಯುತ್ತಿರುವುದು. ನಗುವವರು ಯಾರೂ ಇಲ್ಲ. ಆಗ ಅದು ಹಾಸ್ಯವೋ, ಅಳುವನ್ನು ತಡೆದುಕೊಳ್ಳುವ ಉಪಾಯವೋ ಎಂಬುದು ನೋಡುವವನಿಗೆ ತಾನಾಗಿಯೇ ಹೊಳೆಯುತ್ತದೆ. ವಿಶ್ವನಾಥನ ಮಾತು ಸುಳ್ಳಾಗಲಿಲ್ಲ. ವಿರೋಧಿಗಳಾದ ಎರಡು ರಸಗಳ ನಡುವೆ ಇವರು ಒಂದು ಮೌನವನ್ನು ಕೂರಿಸಿ ಜಗಳವನ್ನು ತಪ್ಪಿಸಿದರು.

ಇನ್ನು ಮಗನು ನನಗೆ ತೋರಿಸಿದ ಕಂತಿಗೆ ಬರುವೆನು. ಅದು 1980ರ ಜನವರಿಯಲ್ಲಿ ಮೊದಲು ಪ್ರದರ್ಶಿತವಾದುದು. ಅದರ ಹೆಸರನ್ನು 'ಹಳೆಯ ಸಿಪಾಯಿಗಳು' ಎಂದು ಕನ್ನಡಿಸಬಹುದು. ಆಸ್ಪತ್ರೆಯ ಮುಖ್ಯಾಧಿಕಾರಿ ಕರ್ನಲ್ ಪಾಟರ್ ಎಂಬಾತ. ತಲೆ ಬೋಳಾದ, ಕುಳ್ಳಗಿನ, ಮಾತಿನಲ್ಲಿ ಖಾರವೂ ಮನಸ್ಸಿನಲ್ಲಿ ಬೆಣ್ಣೆಯೂ ಇರುವ ಮುದುಕ. ಮೊದಲನೆಯ ಮಹಾಯುದ್ಧದಲ್ಲಿ ಹುಡುಗನಾಗಿ ಸೈನ್ಯ ಸೇರಿ, ಕುದುರೆಯ ಪಡೆಯಲ್ಲಿದ್ದು, ಎರಡನೆಯ ಮಹಾಯುದ್ಧವನ್ನೂ ಕಂಡು, ಮೂರನೆಯದಾದ ಈ ಯುದ್ಧಕ್ಕೆ ಬಂದಿದ್ದಾನೆ. ಈತನ ಕೈಕೆಳಗಿನ ವೈದ್ಯರೆಲ್ಲರೂ ವಯಸ್ಸಿನಲ್ಲಿ ಮಕ್ಕಳಂತಿರುವವರು. ಅವರಲ್ಲಿ ಮುಖ್ಯರಾದವರು ಹಾಕೈ ಮತ್ತು ಬೀಜೆ ಎಂಬ ಇಬ್ಬರು. ಇವರಿಗೆ ಸೈನ್ಯದ ಶಿಸ್ತೆಂದರೆ ಆಗದು, ಆದರೆ ರೋಗಿಗಳೆಂದರೆ ಪ್ರಾಣ.

ಒಂದು ದಿನ ಪಾಟರನಿಗೆ ಟೋಕಿಯೋದಿಂದ ಕರೆ ಬರುತ್ತದೆ. ಹಳೆಯ ಸ್ನೇಹಿತನೊಬ್ಬನು ಅಲ್ಲಿಯ ಆಸ್ಪತ್ರೆಯಲ್ಲಿದ್ದಾನೆ. ಆತ ಹೋಗಿ ನೋಡಿಕೊಂಡು ಬರುವನು. ಬಂದವನು ಮೊದಲಿನ ಮನುಷ್ಯನಾಗಿಲ್ಲ. ಮಾತನಾಡಿಸಿದರೆ ಸಿಡುಕು, ಸುಮ್ಮನಿದ್ದರೆ ಮಂಕು. ಕೈಕೆಳಗಿನವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ಈತನಿಗೇ ಏನೋ ಕೆಟ್ಟ ಕಾಯಿಲೆ ಹಿಡಿದಿರಬೇಕೆಂದು ಹೆದರುವರು. ಇಷ್ಟನ್ನು ನೋಡುವ ಹೊತ್ತಿಗೆ ನಾನು ಕುರ್ಚಿಯಲ್ಲಿ ಸರಿಯಾಗಿ ಕುಳಿತೆನು. ಒಳಬಾಗಿಲಿನಲ್ಲಿ ನಿಂತು ತಾವೂ ನೋಡುತ್ತಿದ್ದ ನನ್ನ ಮನೆಯವರು ಆಗ ಒಂದು ಮಾತನ್ನೂ ಆಡಲಿಲ್ಲ. ಅದಕ್ಕಾಗಿ ನಾನು ಅವರಿಗೆ ಕೃತಜ್ಞನು.

ಬಳಿಕ ಒಂದು ಪೆಟ್ಟಿಗೆಯು ಬರುತ್ತದೆ. ಪಾಟರನು ಎಲ್ಲರನ್ನೂ ತನ್ನ ಡೇರೆಗೆ ಕರೆಸುವನು. ಏನು ಕೆಟ್ಟ ಸುದ್ದಿಯನ್ನು ಕೇಳಬೇಕಾಗುವುದೋ ಎಂದುಕೊಂಡು ಅವರು ಬರುವರು. ಆತ ಒಂದು ಹಳೆಯ ಭಾವಚಿತ್ರವನ್ನು ತೋರಿಸಿ ಕಥೆಯನ್ನು ಹೇಳುವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿನಲ್ಲಿ, ಫಿರಂಗಿಯ ಗುಂಡುಗಳು ಬೀಳುತ್ತಿದ್ದಾಗ ಐವರು ಗೆಳೆಯರು ಒಂದು ಹಳೆಯ ಬಂಗಲೆಯಲ್ಲಿ ಅಡಗಿದರು. ಅಲ್ಲಿ ಬ್ರಾಂದಿಯ ಸೀಸೆಗಳು ದೊರೆತವು. ಬ್ರಾಂದಿಯ ಮಾತೆತ್ತಿದೆನೆಂದು ಓದುಗರು ಹುಬ್ಬು ಗಂಟಿಕ್ಕಬಾರದು. ಅವರ ದೇಶದಲ್ಲಿ ಅದಕ್ಕೆ ನಮ್ಮ ಎಲೆಯಡಿಕೆಯ ಸ್ಥಾನವಿದೆಯೆಂದು ಎಣಿಸಿ ಮುಂದೆ ಹೋಗೋಣ. ಇರುಳೆಲ್ಲ ಕುಡಿದು ಹಾಡಿ, ಒಂದೇ ಒಂದು ಸೀಸೆಯನ್ನು ಒಡೆಯದೆ ಉಳಿಸಿದರು. ಐವರಲ್ಲಿ ಕಡೆಯವರೆಗೆ ಉಳಿಯುವವನು ಯಾವನೋ ಅವನು ಅದನ್ನು ಬಿಚ್ಚಿ, ಮಡಿದ ನಾಲ್ವರ ಹೆಸರನ್ನು ಹೇಳಿ ಕುಡಿಯತಕ್ಕದ್ದೆಂದು ಮಾತಾಯಿತು. ಒಬ್ಬನು ಆ ಯುದ್ಧದಲ್ಲಿಯೇ ಸತ್ತನು. ಇನ್ನೊಬ್ಬನು ಅದರ ಮುಂದಿನ ಯುದ್ಧದಲ್ಲಿ ಸತ್ತನು. ಎಲ್ಲರನ್ನೂ ನಗಿಸುತ್ತಿದ್ದ ಮತ್ತೊಬ್ಬನೂ ಹೋದನು. ಎಲ್ಲರಿಗಿಂತ ಆಪ್ತನಾದವನು ಈಗ ಟೋಕಿಯೋದಲ್ಲಿ ತೀರಿಕೊಂಡನು. ಸೀಸೆಯು ಪಾಟರನ ಪಾಲಿಗೆ ಬಂದಿತು.

ಇಂತಹ ಏರ್ಪಾಟಿಗೆ ಅವರಲ್ಲಿ 'ಟಾಂಟಿನ್' ಎಂದು ಹೆಸರು. ಇದರ ಮೂಲವು ಸ್ನೇಹವಲ್ಲ, ಹಣ. ಲೊರೆಂಜೊ ಟಾಂಟಿ ಎಂಬ ನೇಪಲ್ಸಿನವನು 1653ರ ಸುಮಾರಿನಲ್ಲಿ ಫ್ರಾನ್ಸಿನ ಬೊಕ್ಕಸಕ್ಕೆ ಸಾಲವನ್ನೆತ್ತಲು ಈ ಯುಕ್ತಿಯನ್ನು ಸೂಚಿಸಿದನು. ನಮ್ಮಲ್ಲಿ ಹತ್ತು ಜನ ಸೇರಿ ಚೀಟಿ ಹಾಕುವಂತೆ ಅನೇಕರು ಹಣವನ್ನು ಕೂಡಿಸುವರು. ವರ್ಷವರ್ಷವೂ ಬರುವ ಬಡ್ಡಿಯನ್ನು ಬದುಕಿರುವವರು ಹಂಚಿಕೊಳ್ಳುವರು. ಸತ್ತವನ ಪಾಲು ಉಳಿದವರಿಗೆ ಸೇರುವುದು. ನೆರೆಯವನು ಸತ್ತಷ್ಟೂ ತನಗೆ ಲಾಭ! ಎಷ್ಟು ಘೋರವಾದ ಲೆಕ್ಕ! ಐವರು ಹುಡುಗರು ಗುಂಡಿನ ಸದ್ದಿನ ನಡುವೆ ಈ ಲೆಕ್ಕವನ್ನು ಆಟವಾಗಿ ಎತ್ತಿಕೊಂಡರು. ಆಗ ಪ್ರತಿಯೊಬ್ಬನಿಗೂ ತಾನೇ ಗೆಲ್ಲಬೇಕೆಂಬ ಹುಮ್ಮಸ್ಸು ಇದ್ದಿರಬೇಕು. ಗೆದ್ದ ಮೇಲೆ ತಿಳಿಯಿತು, ಗೆಲ್ಲುವುದೆಂದರೆ ಏನೆಂದು. ಚಿತ್ರದಲ್ಲಿದ್ದ ಹುಡುಗರನ್ನು ಹೆಸರು ಹಿಡಿದು ಬಲ್ಲವನು ಇನ್ನು ಈತನೊಬ್ಬನೇ. ತಾನು ಇಪ್ಪತ್ತರ ಪ್ರಾಯದಲ್ಲಿ ಹೇಗಿದ್ದೆನೆಂದು ಸಾಕ್ಷಿ ಹೇಳತಕ್ಕವರು ಭೂಮಿಯ ಮೇಲೆ ಒಬ್ಬರೂ ಉಳಿಯಲಿಲ್ಲ.

ಪಾಟರನು ಒಬ್ಬೊಬ್ಬರ ಹೆಸರನ್ನೂ ಎತ್ತಿ, ಅವರು ತನಗೆ ಎಷ್ಟು ಪ್ರಿಯರಾಗಿದ್ದರೆಂಬುದನ್ನು ಹೇಳಿ ಕುಡಿಯುವನು. ಒಪ್ಪಂದದ ಪ್ರಕಾರ ಕಥೆಯು ಅಲ್ಲಿಗೆ ಮುಗಿಯಬೇಕು. ಆದರೆ ಆತ ಅಲ್ಲಿಗೆ ನಿಲ್ಲಿಸುವುದಿಲ್ಲ. ಎದುರಿಗೆ ಕುಳಿತಿರುವ ಕಿರಿಯರನ್ನು ನೋಡಿ, ಹಳೆಯ ಗೆಳೆಯರು ತನಗೆ ಎಷ್ಟೇ ದೊಡ್ಡವರಾಗಿದ್ದರೂ ನೀವು ಅವರಿಗಿಂತಲೂ ಹೆಚ್ಚಾಗಿರಬಹುದೆಂಬ ಅರ್ಥದ ಮಾತನ್ನಾಡಿ, ಸೀಸೆಯಲ್ಲಿ ಉಳಿದುದನ್ನು ಅವರೆಲ್ಲರಿಗೂ ಹಂಚುವನು. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಒಬ್ಬನಿಗಾಗಿ ಕಾದಿದ್ದ ಸೀಸೆಯು ಆ ರಾತ್ರಿ ಏಳು ಜನರಿಗೆ ಒದಗಿತು.

ಇಲ್ಲಿ ವಿಚಾರಮಾಡಬೇಕಾದ ಅಂಶವೊಂದಿದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಕರುಣವು ರೌದ್ರದಿಂದ ಹುಟ್ಟುವುದೆಂದು ಹೇಳಿದ್ದಾನೆ. ಒಬ್ಬನ ಕ್ರೋಧದಿಂದ ಮತ್ತೊಬ್ಬನಿಗೆ ಶೋಕವುಂಟಾಗುವುದನ್ನು ನಾವು ಪುರಾಣಗಳಲ್ಲಿಯೂ ಬೀದಿಯಲ್ಲಿಯೂ ಕಾಣುತ್ತೇವೆ. ಆದರೆ ವಯಸ್ಸಾದವರಲ್ಲಿ, ಅದರಲ್ಲಿಯೂ ಗಂಡಸರಲ್ಲಿ, ಈ ಕ್ರಮವು ಮೊದಲು ಕೊನೆಗಳನ್ನು ಬದಲಾಯಿಸಿಕೊಳ್ಳುವುದೆಂದು ನನ್ನ ಅನುಭವ. ಅವರಲ್ಲಿ ಕರುಣದಿಂದಲೇ ರೌದ್ರವು ಹುಟ್ಟುತ್ತದೆ. ಅಳುವುದಕ್ಕೆ ನಾಚಿಕೆ, ಹೇಳಿಕೊಳ್ಳುವುದಕ್ಕೆ ಸಂಕೋಚ, ಕೇಳತಕ್ಕವರೆಲ್ಲರೂ ತೀರಿಹೋಗಿದ್ದಾರೆ. ಆಗ ದುಃಖವು ಕೋಪದ ವೇಷವನ್ನು ಹಾಕಿಕೊಂಡು, ಆರಿದ ಕಾಫಿಯ ಮೇಲೆಯೂ ಏಳು ವರುಷದ ಮಗುವಿನ ಮೇಲೆಯೂ ಬೀಳುತ್ತದೆ. ಕೋಡಿಯಿಲ್ಲದ ಕೆರೆಯು ತುಂಬಿದರೆ ಏರಿಯು ಒಡೆಯುವುದು. ಒಡೆದ ನೀರು ಹತ್ತಿರದ ಗದ್ದೆಯನ್ನೇ ಮೊದಲು ಕೊಚ್ಚುವುದು. ಪಾಟರನ ಕೈಕೆಳಗಿನವರು ಶಂಕಿಸಿದ ಕಾಯಿಲೆಗೂ ನನ್ನ ಸೊಸೆ ಶಂಕಿಸಿದ ಸಕ್ಕರೆಯ ಕಾಯಿಲೆಗೂ ಮದ್ದು ಒಂದೇ ಆಗಿದ್ದಿತು.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುವೆನು. ಮೈಸೂರಿನಲ್ಲಿ ಸಂಸ್ಕೃತವನ್ನು ಓದುತ್ತಿದ್ದ ಕಾಲದಲ್ಲಿ ನಾವು ಮೂವರು ಒಂದೇ ಕೊಠಡಿಯಲ್ಲಿದ್ದೆವು. ಮೂವರಿಗೂ ಸೇರಿ ಒಂದೇ ಅಮರಕೋಶ. ಹಾಳೆಯ ಅಂಚಿನಲ್ಲಿ ಮೂವರೂ ಟಿಪ್ಪಣಿ ಬರೆದೆವು. 'ಮಿತ್ರ' ಶಬ್ದಕ್ಕೆ ಸೂರ್ಯನೆಂಬರ್ಥದಲ್ಲಿ ಪುಲ್ಲಿಂಗ, ಗೆಳೆಯನೆಂಬರ್ಥದಲ್ಲಿ ನಪುಂಸಕಲಿಂಗ. ಈ ವ್ಯಾಕರಣವನ್ನು ಹಿಡಿದುಕೊಂಡು ನಾವು ಒಬ್ಬರನ್ನೊಬ್ಬರು ಹಾಸ್ಯಮಾಡಿ ಬರೆದ ಸಾಲುಗಳು ಆ ಪುಟದಲ್ಲಿ ಇಂದಿಗೂ ಇವೆ. ಮೂವರಲ್ಲಿ ಒಬ್ಬನು ನಲವತ್ತು ತುಂಬುವ ಮೊದಲೇ ಹೋದನು. ಇನ್ನೊಬ್ಬನು ಶಿವಮೊಗ್ಗೆಯ ಕಡೆ ಉಪಾಧ್ಯಾಯನಾಗಿದ್ದು ನನ್ನಂತೆಯೇ ನಿವೃತ್ತನಾದನು. ಕಳೆದ ಭಾದ್ರಪದದಲ್ಲಿ ಹಾಸಿಗೆ ಹಿಡಿದು, ಎರಡು ಸಲ ಫೋನು ಮಾಡಿ, "ಒಂದು ಸಲ ಬಂದು ಹೋಗೋ" ಎಂದನು. ಆರೇಳು ಗಂಟೆಗಳ ದಾರಿ. ಪಕ್ಷಮಾಸ ಕಳೆಯಲೆಂದೆನು, ನವರಾತ್ರಿ ಕಳೆಯಲೆಂದೆನು, ದೀಪಾವಳಿ ಕಳೆಯಲೆಂದೆನು. ದೀಪಾವಳಿಯಾದ ಮೂರನೆಯ ದಿನ ಅವನ ಮಗನಿಂದ ಫೋನು ಬಂದಿತು.

ಪಾಟರನು ಟೋಕಿಯೋಗೆ ಹೋದನು. ನಾನು ಶಿವಮೊಗ್ಗೆಗೆ ಹೋಗಲಿಲ್ಲ. ಇದೇ ವ್ಯತ್ಯಾಸ. ಯುದ್ಧದ ನಡುವೆ, ಡೇರೆಯ ತುಂಬ ಗಾಯಾಳುಗಳಿರುವಾಗ, ಸಮುದ್ರವನ್ನು ದಾಟಿ ಆತ ಹೋಗಿ ಬಂದನು. ನನಗೆ ಇದ್ದ ಅಡ್ಡಿಯಾದರೂ ಏನು? ಬಸ್ಸಿನ ಪ್ರಯಾಣದಲ್ಲಿ ಬೆನ್ನು ನೋಯುವುದೆಂಬುದೊಂದೇ. ನಾನು ಮಗುವನ್ನು ಗದರಿದುದು ಪುಸ್ತಕವು ಹರಿಯುವುದೆಂಬ ಭಯದಿಂದಲ್ಲ. ಆ ಅಂಚಿನ ಬರಹವನ್ನು ಅವಳು ಕಂಡಳಲ್ಲಾ, ಅದು ಯಾರದೆಂದು ಕೇಳುವಳಲ್ಲಾ ಎಂಬ ಭಯದಿಂದ. ನನ್ನ ಕೋಪಕ್ಕೆಲ್ಲ ಗುರಿಯಾಗಬೇಕಾಗಿದ್ದವನು ನಾನೊಬ್ಬನೇ. ಈ ಸಂಗತಿಗೆ ಯಾವ ನಾಟಕವೂ ಸಮಾಧಾನವನ್ನು ಹೇಳಲಾರದು, ಹೇಳಬಾರದು ಕೂಡ.

ಕಂತು ಮುಗಿದ ಮೇಲೆ ಆ ನಾಟಕದ ಇತರ ಅಗಲಿಕೆಗಳ ವಿಷಯವನ್ನು ಮಗನಿಂದ ಕೇಳಿ ತಿಳಿದು, ಮುಂದಿನ ವಾರಗಳಲ್ಲಿ ಅವನ್ನೂ ನೋಡಿದೆನು. ಪಾಟರನಿಗೆ ಮೊದಲು ಆ ಆಸ್ಪತ್ರೆಗೆ ಅಧಿಕಾರಿಯಾಗಿದ್ದವನು ಹೆನ್ರಿ ಬ್ಲೇಕ್ ಎಂಬ ಸಾಧು ಮನುಷ್ಯ. 1975ರ ಮಾರ್ಚ್ 18ರಂದು ತೋರಿಸಿದ ಕಂತಿನಲ್ಲಿ ಅವನಿಗೆ ಬಿಡುಗಡೆಯಾಗಿ, ಎಲ್ಲರೂ ನಗುತ್ತ ಅವನನ್ನು ಊರಿಗೆ ಕಳುಹಿಸಿಕೊಡುವರು. ನೋಡುವವರು ಇನ್ನೇನು ಎದ್ದುಹೋಗಬೇಕು, ಅಷ್ಟರಲ್ಲಿ ಕಚೇರಿಯ ಗುಮಾಸ್ತನಾದ ರೇಡಾರ್ ಎಂಬ ಹುಡುಗನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಬಂದು, ಹೆನ್ರಿಯ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದರೆಂದೂ ಯಾರೂ ಉಳಿಯಲಿಲ್ಲವೆಂದೂ ಓದುವನು. ವೈದ್ಯರ ಕೈಗಳು ನಿಲ್ಲುವುದಿಲ್ಲ; ನಿಲ್ಲುವಂತಿಲ್ಲ. ಈ ಕಡೆಯ ಪುಟವನ್ನು ಬರಹಗಾರರು ಬಚ್ಚಿಟ್ಟಿದ್ದು, ಉಳಿದ ದೃಶ್ಯಗಳೆಲ್ಲ ಮುಗಿದ ಮೇಲೆಯೇ ನಟರಿಗೆ ಕೊಟ್ಟರಂತೆ. ಹಾಸ್ಯನಾಟಕದಲ್ಲಿ ಹೀಗೆ ಮಾಡಬಹುದೆ ಎಂದು ಸಿಟ್ಟಾಗಿ ಅನೇಕರು ಕಾಗದ ಬರೆದರಂತೆ. ಅವರ ಕೋಪವೂ ನನ್ನ ಕೋಪದ ಜಾತಿಯದೇ ಎಂದು ನನಗೆ ತೋರುತ್ತದೆ.

ಆ ಅಗಲಿಕೆಯಲ್ಲಿ ವಿದಾಯಕ್ಕೆ ಅವಕಾಶವಿದ್ದಿತು, ಆದರೆ ಅದೇ ಕಡೆಯದೆಂದು ಯಾರಿಗೂ ತಿಳಿದಿರಲಿಲ್ಲ. 1983ರ ಫೆಬ್ರವರಿ 28ರಂದು ಬಂದ ಕೊನೆಯ ಕಂತಿನಲ್ಲಿ ಯುದ್ಧವು ಮುಗಿದು ಎಲ್ಲರೂ ಚದುರುವರು. ಎರಡೂವರೆ ಗಂಟೆಯ ಆ ಕಂತನ್ನು ಅಮೆರಿಕದಲ್ಲಿ ಹತ್ತು ಕೋಟಿಗೂ ಮೀರಿದ ಜನ ನೋಡಿದರು. ಅದರಲ್ಲಿ ಪಾಟರನು ತನ್ನ ಪ್ರೀತಿಯ ಕುದುರೆಯನ್ನು ಅಲ್ಲಿಯ ಅನಾಥಾಲಯಕ್ಕೆ ಬಿಟ್ಟುಹೋಗಲು ಅದರ ಮೇಲೇರಿ ಹೊರಡುವನು. ಅದಕ್ಕೆ ಮೊದಲು ಹಾಕೈ, ಬೀಜೆ ಇಬ್ಬರೂ ಅವನ ಮುಂದೆ ನಿಂತು, ತಮ್ಮಲ್ಲಿ ಕೊಡುವುದಕ್ಕೆ ಬೇರೆ ಏನೂ ಇಲ್ಲವೆನ್ನುವಂತೆ, ನೆಟ್ಟಗೆ ನಿಂತು ಸೈನಿಕರಂತೆ ವಂದನೆಮಾಡುವರು. ಯಾವ ಶಿಸ್ತನ್ನು ವರುಷಗಟ್ಟಲೆ ಗೇಲಿಮಾಡಿದ್ದರೋ ಅದನ್ನೇ ಮುದುಕನಿಗೆ ಕಾಣಿಕೆಯಾಗಿ ಕೊಡುವರು. ಗುರುವಿಗೆ ಶಿಷ್ಯರು ಕೊಡತಕ್ಕ ದಕ್ಷಿಣೆಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನರಿಯೆನು. ವಿದಾಯದ ಮಾತೇ ಬಾಯಿಗೆ ಬಾರದಿದ್ದ ಬೀಜೆಯು ನೆಲದ ಮೇಲೆ ಕಲ್ಲುಗಳನ್ನು ಜೋಡಿಸಿ ಆ ಮಾತನ್ನು ಬರೆದಿಡುವನು. ಹೆಲಿಕಾಪ್ಟರಿನಲ್ಲಿ ಮೇಲೇರಿದ ಹಾಕೈಗೆ ಅದು ಕಾಣುವುದು. ಬಾಯಿ ಹೇಳಲಾರದುದನ್ನು ಹೇಗಾದರೂ ಹೇಳಲೇಬೇಕೆಂಬುದಕ್ಕೆ ಇದೊಂದು ದೃಷ್ಟಾಂತ.

ಈ ನಾಟಕವನ್ನು ಮೆಚ್ಚಿದವರು ಇಂದಿಗೂ ಇದನ್ನು ಬಿಡದೆ ಚರ್ಚಿಸುವುದೇಕೆಂಬುದು ನನಗೆ ಈಗ ಅರ್ಥವಾಗುತ್ತದೆ. 1980ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದು ಹಾಕೈಯ ಹುಡುಗಾಟಕ್ಕೆ ನಕ್ಕವರು ಈಗ ಪಾಟರನ ವಯಸ್ಸಿಗೆ ಬಂದಿದ್ದಾರೆ. ನಾಟಕವು ಇದ್ದಂತೆಯೇ ಇದೆ. ನೋಡುವವರು ಒಂದು ಪಾತ್ರದ ಪಕ್ಕದಿಂದ ಎದ್ದು ಮತ್ತೊಂದರ ಪಕ್ಕದಲ್ಲಿ ಕುಳಿತಿದ್ದಾರೆ. ನಟರೂ ಒಬ್ಬೊಬ್ಬರಾಗಿ ಹೋದರು. ಹೆನ್ರಿಯ ಪಾತ್ರವನ್ನು ವಹಿಸಿದ್ದ ಮೆಕ್ಲೀನ್ ಸ್ಟೀವನ್ಸನ್ 1996ರಲ್ಲಿ, ಲ್ಯಾರಿ ಲಿನ್‌ವಿಲ್ 2000ದಲ್ಲಿ, ಪಾಟರನಾಗಿ ನಟಿಸಿದ ಹ್ಯಾರಿ ಮಾರ್ಗನ್ ತೊಂಬತ್ತಾರು ವರುಷಗಳ ತುಂಬು ಬಾಳನ್ನು ಬಾಳಿ 2011ರಲ್ಲಿ, ವೇಯ್ನ್ ರಾಜರ್ಸ್ 2015ರಲ್ಲಿ, ವಿಲಿಯಂ ಕ್ರಿಸ್ಟಫರ್ 2016ರಲ್ಲಿ, ಡೇವಿಡ್ ಆಗ್ಡನ್ ಸ್ಟೈಯರ್ಸ್ 2018ರಲ್ಲಿ, ದಾದಿಯರ ಮುಖ್ಯಸ್ಥೆಯಾಗಿ ನಟಿಸಿದ ಲೊರೆಟ್ಟಾ ಸ್ವಿಟ್ 2025ರಲ್ಲಿ. ಈ ಸಾಲನ್ನು ಮಗನು ಹೇಳುತ್ತ ಹೋದಾಗ ಮನೆಯವರ ಮರಣವನ್ನು ಹೇಳಿದಂತೆಯೇ ಹೇಳಿದನು. ಕಂಡರಿಯದವರಿಗಾಗಿ ಇಷ್ಟು ಮರುಗುವುದು ಹುಚ್ಚಲ್ಲವೆ ಎಂದು ಹಿಂದೆ ಆಗಿದ್ದರೆ ನಾನು ಕೇಳುತ್ತಿದ್ದೆನು. ಈಗ ಕೇಳಲಿಲ್ಲ. ಇಂತಹವರಿಗಾಗಿ ಒಟ್ಟಿಗೆ ಕುಳಿತು ಮರುಗಿದವರು, ತಮ್ಮ ಮನೆಯ ದುಃಖವು ಬಂದಾಗ ಅದನ್ನು ಹೇಳಿಕೊಳ್ಳುವ ಮಾತನ್ನಾದರೂ ಕಲಿತಿರುವರು. ಮಗನು ನನ್ನನ್ನು ಗುರುತಿಸಿದುದು ಆ ಅಭ್ಯಾಸದ ಬಲದಿಂದಲೇ ಇರಬೇಕು.

ಆ ಭಾನುವಾರ ಸಂಜೆ ಮೊಮ್ಮಗಳನ್ನು ಕರೆದೆನು. ಮೊದಲು ಬರಲಿಲ್ಲ, ಎರಡನೆಯ ಸಲ ಕರೆದಾಗ ಬಂದಳು. ಅಮರಕೋಶವನ್ನು ಅವಳ ತೊಡೆಯ ಮೇಲಿಟ್ಟು, ಈ ದುಂಡಕ್ಷರವು ಇಂತಹವನದು, ಈ ಇರುವೆಸಾಲಿನಂತಹ ಬರಹ ಇಂತಹವನದು, ಈ ಶಾಯಿಯ ಕಲೆ ನನ್ನದು ಎಂದು ತೋರಿಸಿದೆನು. "ಅವರು ಈಗ ಎಲ್ಲಿದ್ದಾರೆ, ತಾತ?" ಎಂದಳು. ಹೇಳಿದೆನು. ಹೇಳುವಾಗ ಕಣ್ಣಿನಲ್ಲಿ ನೀರು ಬಂದಿತು. ಮಗುವು ಅದನ್ನು ನೋಡಿಯೂ ಹೆದರಲಿಲ್ಲ. ನನ್ನ ಗದರಿಕೆಗೆ ಹೆದರಿದ್ದವಳು ಅಳುವಿಗೆ ಹೆದರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಮರುದಿನ, ಸಂಜೆಯ ನಡಿಗೆಯಲ್ಲಿ ಜೊತೆಯಾಗುವ ಮೂವರು ನಿವೃತ್ತರನ್ನು ಮನೆಗೆ ಕರೆದೆನು. ಅವರಲ್ಲಿ ಒಬ್ಬರು ಅಂಚೆಯ ಇಲಾಖೆಯಲ್ಲಿದ್ದವರು, ಒಬ್ಬರು ಬ್ಯಾಂಕಿನವರು, ಒಬ್ಬರು ಬಸ್ಸಿನ ಕಂಡಕ್ಟರಾಗಿದ್ದವರು. ಸಂಸ್ಕೃತದ ಗಂಧವಿಲ್ಲದವರೆಂದು ನಾನು ಅವರನ್ನು ಬರಿಯ ನಡಿಗೆಯ ಜೊತೆಗಾರರೆಂದೇ ಎಣಿಸಿದ್ದೆನು, ಮನೆಯೊಳಕ್ಕೆ ಕರೆದಿರಲಿಲ್ಲ. ಜಗಲಿಯಲ್ಲಿ ಕೂರಿಸಿ, ನನ್ನ ಮನೆಯವರು ಕಾಫಿಯನ್ನು ತಂದುಕೊಟ್ಟ ಮೇಲೆ, ಶಿವಮೊಗ್ಗೆಯ ವಿಷಯವನ್ನು ಬಚ್ಚಿಡದೆ ಹೇಳಿದೆನು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಕಂಡಕ್ಟರರು, "ನನಗೂ ಒಬ್ಬ ಇದ್ದ, ಮೇಷ್ಟ್ರೇ" ಎಂದು ಪ್ರಾರಂಭಿಸಿದರು. ಅಂದು ಅವರು ಎದ್ದಾಗ ದೀಪ ಹಚ್ಚಿ ಬಹಳ ಹೊತ್ತಾಗಿದ್ದಿತು.

ನನ್ನ ವಯಸ್ಸಿನ ಓದುಗರಿಗೆ ಹೇಳಬೇಕಾದುದು ಸ್ವಲ್ಪವೇ ಉಳಿದಿದೆ. ಯಾರಾದರೂ "ಒಂದು ಸಲ ಬಂದು ಹೋಗೋ" ಎಂದಿದ್ದರೆ, ಈ ಪತ್ರಿಕೆಯನ್ನು ಮಡಿಸಿಟ್ಟು ಹೊರಡಿರಿ. ಹಬ್ಬಗಳು ಪ್ರತಿವರ್ಷವೂ ಬರುವುವು. ಮನೆಯಲ್ಲಿ ಹಿರಿಯರು ಕಾರಣವಿಲ್ಲದೆ ಸಿಡುಕುತ್ತಿದ್ದರೆ, ರಕ್ತವನ್ನು ಪರೀಕ್ಷಿಸುವುದರ ಜೊತೆಗೆ, ಅವರಿಗೆ ಬರುತ್ತಿದ್ದ ಫೋನುಗಳಲ್ಲಿ ಯಾವುದು ನಿಂತುಹೋಯಿತೆಂದು ಕಿರಿಯರು ವಿಚಾರಿಸಿರಿ. ಸತ್ತವರ ನೆನಪನ್ನು ಬೀಗಹಾಕಿ ಇಟ್ಟುಕೊಳ್ಳುವುದು ಅವರಿಗೆ ತೋರುವ ನಿಷ್ಠೆಯೆಂದು ನಾನು ಬಹಳ ಕಾಲ ನಂಬಿದ್ದೆನು. ಸೀಸೆಯನ್ನು ಕಾಯುವವನು ಒಬ್ಬನಾಗಿರಬಹುದು. ಬಿಚ್ಚಿದ ಮೇಲೆ ಎದುರಿಗೆ ಕುಳಿತಿರುವವರಿಗೆ ಹಂಚತಕ್ಕದ್ದು. ಅಮರಕೋಶವು ಈಗ ಮೇಜಿನ ಮೇಲೆಯೇ ಇರುತ್ತದೆ. ನಾಲ್ಕನೆಯ ಬರಹವೊಂದು, ಸೀಸದ ಕಡ್ಡಿಯಲ್ಲಿ, ಬಹಳ ದೊಡ್ಡ ಅಕ್ಷರಗಳಲ್ಲಿ, 'ಮಿತ್ರ' ಶಬ್ದದ ಪಕ್ಕದಲ್ಲಿಯೇ ಬಂದು ಸೇರಿದೆ. ಕಾಗುಣಿತವು ತಪ್ಪಿದೆ, ತಿದ್ದಲಿಲ್ಲ.